ಹೆರಿಗೆ ಕೋಣೆಯಲ್ಲಿ ನನ್ನ ಉಸಿರಾಟದ ಪಾಠ

ಹೆರಿಗೆ ಎಂದರೆ ಉಸಿರಾಟ, ಅಷ್ಟೇ! ರಾಣೆಬೆನ್ನೂರಿನ ಹೆರಿಗೆ ಆಸ್ಪತ್ರೆಯ ಲೇಡಿ ಡಾಕ್ಟರ್, ಅಂದರೆ ನಮ್ಮ ಡಾಕ್ಟರ್ ಬಾಯಿ, ಬಸುರಿಯರಿಗೂ ಅವರ ಗಂಡಂದಿರಿಗೂ ಕಲಿಸಿದ ಈ ವಿದ್ಯೆಯಲ್ಲಿ ನಾನು ಒಂದೇ ದಿನದಲ್ಲಿ ಪಾರಂಗತನಾದೆ. ಮೂಗಿನಿಂದ ಒಳಗೆ, ಬಾಯಿಂದ ಹೊರಗೆ. ಇದರಲ್ಲಿ ಏನು ಮಹಾ! ಚೊಚ್ಚಲ ಹೆರಿಗೆಗೆಂದು ಅದೇ ಊರಿನ ತವರಿಗೆ ಹೋಗಿದ್ದ ನನ್ನ ಹೆಂಡತಿ ಗಿರಿಜೆಗೆ ಬ್ಯಾಡಗಿಯಿಂದ ದಿನಾ ಫೋನಿನಲ್ಲೇ ತಾಲೀಮು ಮಾಡಿಸಿದೆ.

"ಭಾಳ ಅಂಜಿಕಿ ಆಗತೈತ್ರಿ. ಬ್ಯಾನಿ ಬಂದಾಗ ನೀವು ಬಾಜೂಕ ಇರಬೇಕ ನೋಡ್ರಿ," ಎಂದಳು.

"ಇರತೇನಿ. ನೀ ಬರೇ ಉಸಿರು ತಗೋ, ಉಳಿದದ್ದು ನನಗ ಬಿಡು!" ಎಂದೆ. ಉಳಿದದ್ದು ಏನೆಂದು ನನಗೂ ಗೊತ್ತಿರಲಿಲ್ಲ.

ಹೆರಿಗೆ ನೋವು ಶುರುವಾದ ಸುದ್ದಿ ಬಂದಾಗ ನಾನು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ರಾಶಿಯೊಳಗೆ ಮೊಣಕಾಲಮಟ ನಿಂತಿದ್ದೆ. ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದೆ. ಅಕ್ಕಪಕ್ಕದವರೆಲ್ಲ ಸೀನತೊಡಗಿದರು. ಊರಿಗೆಲ್ಲ ನೆಗಡಿ ಬಂದಿದೆ, ಪಾಪ ಎಂದುಕೊಂಡೆ. ಹತ್ತು ವರ್ಷ ಮೆಣಸಿನಕಾಯಿ ನಡುವೆ ದುಡಿದ ಮೂಗಿಗೆ ಘಾಟು ಎಲ್ಲಿ ತಿಳಿಯಬೇಕು?

ಡಾಕ್ಟರ್ ಬಾಯಿಯನ್ನು ಕಾಡಿ ಬೇಡಿ ಒಳಗೆ ಹೋದೆ. ಗಿರಿಜೆ ಬೆವೆತು ತೊಯ್ದಿದ್ದಳು. ಅವಳ ಮುಖದ ಮೇಲೆ ಬಗ್ಗಿ ಅಪ್ಪಣೆ ಕೊಟ್ಟೆ.

"ಮೂಗಿಲೇ ಉಸಿರು ಜಗ್ಗು!"

ವಿಧೇಯ ಶಿಷ್ಯೆ ಜಗ್ಗಿದಳು. "ಆಕ್ಷೀ!"

"ಇನ್ನಾ ಜೋರ ಜಗ್ಗು!"

"ಆಕ್ಷೀ! ಯವ್ವಾ! ಆಕ್ಷೀ!"

ಮಗಳ ತಲೆದೆಸೆಯಲ್ಲಿ ನಿಂತಿದ್ದ ಅತ್ತೆ ಸೀನಿದರು. ನರ್ಸು ಸೀನಿದಳು. ಡಾಕ್ಟರ್ ಬಾಯಿ ಕಣ್ಣೀರು ಸುರಿಸುತ್ತ, "ಏನ್ರೀ, ಖಾರ ಕುಟ್ಟೂದು ಬಿಟ್ಟು ಹಂಗ ಬಂದೀರೇನು?" ಎಂದು ಗದರಿದರು.

"ಬ್ಯಾನಿ ತಿನ್ನಲೋ, ಸೀನಲೋ! ಮೊದಲ ಇವರನ್ನ ಹೊರಗ ಹಾಕ್ರಿ!" ಎಂದು ಗಿರಿಜೆಯೇ ಚೀರಿದಳು.

"ಅಳಿಯಂದ್ರ, ಮನಿಗೆ ಹೋಗಿ ಜಳಕಾ ಮಾಡಿ ಬರ್ರಿ, ಲಗೂ!" ಎಂದು ಅತ್ತೆ ನನ್ನನ್ನು ಬಾಗಿಲಾಚೆ ದಾಟಿಸಿದರು.

ಆಟೋ ಹಿಡಿದು ಅತ್ತೆಯ ಮನೆಗೆ ಓಡಿದೆ. ಮೂರು ಸಲ ಸೋಪು ಹಚ್ಚಿ ತಿಕ್ಕಿಕೊಂಡೆ. ಮಾವನ ಧೋತರ ಸುತ್ತಿಕೊಂಡು, ಅದು ಬಿಚ್ಚದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದರೆ, ಕೋಣೆಯ ಒಳಗಿಂದ ಕೂಸಿನ ಅಳು! ಮಗಳು ನನಗಾಗಿ ಕಾಯದೆ ಬಂದುಬಿಟ್ಟಿದ್ದಳು.

ಒಳಗೆ ಬಿಟ್ಟಾಗ ಸಂತೋಷಕ್ಕೋ ನಾಚಿಕೆಗೋ ನನಗೆ ಅಳುವೇ ಬಂತು. "ಹೊತ್ತಿಗೆ ಸರಿಯಾಗಿ ನಾ ಬಾಜೂಕ ಇರಲಿಲ್ಲಲ್ಲ, ಗಿರಿಜಾ," ಎಂದೆ.

ಅವಳು ನನ್ನ ಕೈ ಹಿಡಿದುಕೊಂಡು, ದಣಿದ ಮುಖದಲ್ಲೇ ನಕ್ಕಳು.

"ಹಂಗ್ಯಾಕ ಅಂತೀರಿ? ನೀವು ಹೊರಗ ಹೋದಿರಿ, ನಾ ಆರಾಮ ಉಸಿರಾಡಿದೆ ನೋಡ್ರಿ!"

ಅಷ್ಟಾದರೂ ಉಪಯೋಗಕ್ಕೆ ಬಂದೆನಲ್ಲ ಎಂದು ಮಾವನ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡೆ.