ಕಂಕಣ ಗ್ರಹಣ, ಒಂದು ಒನಕೆ ಮತ್ತು ನನ್ನ ಬಿ.ಎಸ್ಸಿ.

ಸೂರ್ಯಗ್ರಹಣವನ್ನು ನಮ್ಮ ಬೀದಿಗೆ ತೋರಿಸುವ ಹೊಣೆ ನನ್ನ ಹೆಗಲ ಮೇಲಿದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಯಾರೂ ಹೊರಿಸಿರಲಿಲ್ಲ. ನಾನೇ ಎತ್ತಿಟ್ಟುಕೊಂಡಿದ್ದೆ.

ಕಾರಣ ಇತ್ತು. ತಮಿಳು ಸೀಮೆಯ ನೆಗಮಂ ಪಕ್ಕದ ನಮ್ಮ ನೇಕಾರರ ಬೀದಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಬಿ.ಎಸ್ಸಿ., ಭೌತಶಾಸ್ತ್ರ. ಅದರಲ್ಲೂ ಬೆಳಕಿನ ಪೇಪರನ್ನು ಎರಡು ಸಲ ಬರೆದವನು. ಅಂದರೆ ಒಂದೇ ಸಲಕ್ಕೆ ಪಾಸಾದವರಿಗಿಂತ ಬೆಳಕಿನ ಬಗ್ಗೆ ಒಂದು ವರ್ಷ ಹೆಚ್ಚು ಓದಿದ್ದೇನೆ. ಈಗ ತುಡಿಯಲೂರಿನ ಪಂಪ್‌ಸೆಟ್ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕ. ಒಂದು ವಸ್ತು ಸರಿಯಿದೆಯೋ ಇಲ್ಲವೋ ಎಂದು ಹೇಳುವುದೇ ನನ್ನ ಉದ್ಯೋಗ.

ಬೀದಿಯ ನೆಪ ಹೇಳಿದರೂ ಮನಸ್ಸಿನಲ್ಲಿದ್ದದ್ದು ಅವ್ವ. ನಾನು ಓದುವಾಗ ಅವಳು ಪಕ್ಕದಲ್ಲೇ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ರಾಟೆಯ ಸದ್ದು ನಿಂತರೆ ನನ್ನ ಓದೂ ನಿಲ್ಲುತ್ತಿತ್ತು. ಆ ಓದಿನಿಂದ ಅವಳಿಗೆ ಸಿಕ್ಕಿದ್ದೇನು ಎಂದು ಲೆಕ್ಕ ಹಾಕಿದರೆ, ಗೋಡೆಯ ಮೇಲೆ ಕರಿ ಗೌನು ತೊಟ್ಟು ನಿಂತ ನನ್ನ ಫೋಟೊ ಒಂದೇ. ಗ್ರಹಣ ಬಂದಾಗಲೆಲ್ಲ ಅವಳು ಮಗ್ಗದ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂರುವವಳು. ಆ ಡಿಸೆಂಬರಿನಲ್ಲಿ ನಮ್ಮ ತಲೆಯ ಮೇಲೇ ಕಂಕಣ ಗ್ರಹಣ ಎಂದು ತಿಳಿದಾಗ, ಇದನ್ನಾದರೂ ಅವ್ವನಿಗೆ ತೋರಿಸಬೇಕು ಎಂದು ತೀರ್ಮಾನಿಸಿದೆ.

ಹಿಂದಿನ ದಿನವೇ ಹೆಂಡತಿ ಸುಮತಿಯ ಜೊತೆ ಪೊಳ್ಳಾಚಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದು ಊರು ಸೇರಿದೆ. ಚೀಲದಲ್ಲಿ ಇಪ್ಪತ್ತು ಗ್ರಹಣದ ಕನ್ನಡಕ, ಸೂರ್ಯನ ಬಿಂಬ ಬೀಳಿಸಲು ನಾನೇ ತೂತು ಕೊರೆದ ಒಂದು ರಟ್ಟಿನ ಡಬ್ಬಿ, ಮತ್ತು ಒಂದು ಪ್ರಕಟಣೆ. ಪ್ರಕಟಣೆ ತಮಿಳಿನಲ್ಲಿತ್ತು. ನಮ್ಮ ಬೀದಿಯವರೆಲ್ಲ ಮನೆಯಲ್ಲಿ ಆಡುವುದು ಕನ್ನಡವೇ. ಆದರೆ ಶಾಲೆಯಲ್ಲಿ ಓದಲು ಕಲಿತದ್ದು ತಮಿಳು. ಕನ್ನಡದಲ್ಲಿ ಬರೆದು ಅಂಟಿಸಿದರೆ ಅದನ್ನು ಓದಲು ನಾನೇ ಹೋಗಿ ನಿಲ್ಲಬೇಕು.

ಅವ್ವ ನೀರು ಕೊಟ್ಟು, ಎಂದಿನ ಮುದ್ದಿನ ದನಿಯಲ್ಲಿ, "ಸಾಮಿ, ಮಗ್ಗದ ಮನೆ ಹಂಚು ಸರ್ದೋಗಿದೆ. ಬಿಸ್ಲು ಸೀರೆ ಮೇಲೇ ಬೀಳ್ತದೆ. ಮೇಲೆ ಹತ್ತಿ ಸರಿ ಮಾಡ್ತೀಯಾ?" ಎಂದಳು.

"ನಾಳೆ ಆಗ್ಲಿ ಅವ್ವ. ಇವತ್ತು ತುಂಬಾ ಕೆಲ್ಸ ಇದೆ."

"ಏನು ಕೆಲ್ಸ?" ಎಂದಳು ಸುಮತಿ.

"ಭಾಷಣ ತಯಾರು ಮಾಡ್ಬೇಕು."

ಭಾಷಣಕ್ಕೆ ಮೊದಲು ದೊಡ್ಡತ್ತೆ ಬಂದರು. ಅಪ್ಪನ ಅಕ್ಕ. ಅಪ್ಪ ಹೋದ ಮೇಲೆ ಮನೆಯ ಯಜಮಾನಿಕೆ ಅವರದೇ. ನಾನು ಗೋಡೆಗೆ ಅಂಟಿಸಿದ್ದ ಪ್ರಕಟಣೆಯನ್ನು ಪೂರ್ತಿ ಓದಿ, ತಲೆಯಾಡಿಸಿ, "ಯಾರೂ ಹೊರಗೆ ಬರಂಗಿಲ್ಲ" ಎಂದರು.

"ಯಾಕತ್ತೆ? ಅದು ಬರೀ ನೆರಳು."

"ನೆರಳಾದ್ರೆ ಒನಕೆ ಯಾಕೆ ನಿಲ್ತದೆ?"

ಗ್ರಹಣ ಹಿಡಿದಾಗ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನದ ನೀರು ಹಾಕಿ ಅದರ ನಡುವೆ ಒನಕೆ ಇಟ್ಟರೆ, ಯಾರೂ ಹಿಡಿಯದೆ ನೆಟ್ಟಗೆ ನಿಲ್ಲುತ್ತದೆ. ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆ. ಇದು ಅತ್ತೆಯ ಪಂಚಾಂಗ.

"ಅತ್ತೆ, ತಳ ಚಪ್ಪಟೆ ಇದ್ರೆ ಒನಕೆ ಯಾವತ್ತು ಬೇಕಾದ್ರೂ ನಿಲ್ತದೆ. ಇವತ್ತೂ ನಿಲ್ತದೆ."

"ಹೌದಾ? ನಿಲ್ಸು. ನಿಂತ್ರೆ ನಾಳೆ ನಿಮ್ಮವ್ವನ ನಾನೇ ಕೈ ಹಿಡಿದು ಹೊರಗೆ ಕರ್ಕೊಂಡು ಬರ್ತೀನಿ."

ಅವ್ವ ಬಾಗಿಲಲ್ಲಿ ನಿಂತು, "ಅತ್ತಿಗೆ ಸೆರಿ ಅಂದ್ರೆ ನಂಗೂ ಸೆರಿ" ಎಂದಳು.

ಇಷ್ಟು ಸುಲಭದ ಪರೀಕ್ಷೆಯನ್ನು ನಾನು ಕಾಲೇಜಿನಲ್ಲೂ ಬರೆದಿರಲಿಲ್ಲ. ಅಂಗಳದಲ್ಲಿ ತಟ್ಟೆ ಇಡಿಸಿ, ಅಕ್ಕಪಕ್ಕದವರನ್ನು ಕೂಗಿ ಕರೆದು, ಗುರುತ್ವಕೇಂದ್ರ ಎಂದರೇನೆಂದು ಎರಡು ಮಾತು ಹೇಳಿ, ಒನಕೆ ಇಟ್ಟು ಕೈ ಬಿಟ್ಟೆ. ಒನಕೆ ಬಿತ್ತು. ಬಿದ್ದದ್ದು ನನ್ನ ರಟ್ಟಿನ ಡಬ್ಬಿಯ ಮೇಲೆ. ಡಬ್ಬಿ ಚಪಾತಿಯಾಯಿತು.

ಎರಡನೆಯ ಸಲ ಕಾಲಿನ ಮೇಲೆ ಬಿತ್ತು. ಹತ್ತನೆಯ ಸಲದ ಹೊತ್ತಿಗೆ ಜನ ಮನೆಗೆ ಹೋಗತೊಡಗಿದರು. ಹೊತ್ತು ಮುಳುಗುವವರೆಗೆ ನಲವತ್ತು ಸಲವಾದರೂ ಇಟ್ಟಿರಬೇಕು. ಅಣಸು ಎನ್ನುವ ಕಬ್ಬಿಣದ ಕಟ್ಟು ಹಾಕಿದ, ಕುಟ್ಟಿ ಕುಟ್ಟಿ ಉರುಟಾದ ತುದಿಯನ್ನೇ ಪ್ರತಿ ಸಲ ಕೆಳಗೆ ಇಡುತ್ತಿದ್ದೇನೆ, ಇನ್ನೊಂದು ತುದಿ ಚಪ್ಪಟೆಯಾಗಿದೆ ಎಂಬ ಸಂಗತಿ ಗುಣಮಟ್ಟ ಪರೀಕ್ಷಕನ ಕಣ್ಣಿಗೆ ಬೀಳಲಿಲ್ಲ.

"ಇವತ್ತು ಗ್ರಾಣ ಇಲ್ವಲ್ಲ ರಂಗ, ಹೆಂಗೆ ನಿಲ್ತದೆ?" ಎಂದರು ಅತ್ತೆ, ಕನಿಕರದಿಂದ. ಆ ಕನಿಕರವೇ ಕಾಲಿಗಿಂತ ಹೆಚ್ಚು ನೋಯಿಸಿತು.

ಮರುದಿನ ಬೆಳಿಗ್ಗೆ ಎಂಟು ದಾಟುತ್ತಲೇ ಸೂರ್ಯನಿಗೆ ಒಂದು ಕಡೆಯಿಂದ ಕಚ್ಚು ಬಿತ್ತು. ಅವ್ವ ಮಗ್ಗದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಅಂಗಳದಲ್ಲಿ ಒನಕೆ ಇಟ್ಟರು. ಒಂದೇ ಸಲಕ್ಕೆ ಕಂಬದಂತೆ ನಿಂತಿತು.

ನಾನು ಬಗ್ಗಿ ನೋಡಿದೆ. ಚಪ್ಪಟೆ ತುದಿ ಕೆಳಗಿತ್ತು. ನನಗೆ ಜ್ಞಾನೋದಯವಾಯಿತು, ಹದಿನಾಲ್ಕು ಗಂಟೆ ತಡವಾಗಿ.

"ಅತ್ತೆ, ಇದು ಮೋಸ. ನಿನ್ನೆ ನಾನಿಟ್ಟಿದ್ದು ಉರುಟು ತುದಿ. ಗ್ರಹಣವೇ ಹಿಡ್ಕೊಂಡಿರೋದಾದ್ರೆ ಆ ತುದೀಲೂ ನಿಲ್ಬೇಕಲ್ವಾ? ಈಗ ತಿರುಗ್ಸಿ ಇಡ್ತೀನಿ. ಬಿದ್ರೆ ಅವ್ವನ ಕರ್ಕೊಂಡು ಬರ್ತೀನಿ."

ಅತ್ತೆ ತುಂಬ ಹೊತ್ತು ಯೋಚಿಸಿದರು. ಹಾಗೆ ಯೋಚಿಸುತ್ತಲೇ ಗಂಟೆ ಒಂಬತ್ತು ದಾಟಿತು. ಕೊನೆಗೆ, "ಸೆರಿ. ಆದ್ರೆ ನೆಟ್ಟಗೆ ಇಡು. ಬೇಕಂತ್ಲೇ ಸೊಟ್ಟಗಿಟ್ಟು ಬೀಳಿಸ್ಬೇಡ" ಎಂದರು.

ನನ್ನ ವೃತ್ತಿಧರ್ಮದ ಪ್ರಶ್ನೆ. ಅಣಸಿನ ತುದಿಯನ್ನು ಕೆಳಗೆ ಮಾಡಿ, ಉಸಿರು ಬಿಗಿಹಿಡಿದು, ಅತ್ಯಂತ ನೇರವಾಗಿ ಇಟ್ಟು ಕೈ ಬಿಟ್ಟೆ.

ನಿಂತಿತು.

ನಿನ್ನೆ ನಿಲ್ಲು ಎಂದು ನಲವತ್ತು ಸಲ ಬೇಡಿಕೊಂಡಾಗ ಬಿದ್ದ ಒನಕೆ, ಇಂದು ಬೀಳು ಎಂದು ಬೇಡಿಕೊಂಡರೆ ನಿಂತಿತು. ನಲವತ್ತು ಸಲದ ಅಭ್ಯಾಸದಲ್ಲಿ ನನ್ನ ಕೈ ಪಳಗಿಬಿಟ್ಟಿದೆ ಎಂದು ಆಗ ಹೊಳೆಯಲಿಲ್ಲ. ಈಗ ಬೀಳುತ್ತದೆ, ಇನ್ನೇನು ಬಿತ್ತು ಎಂದು ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಯಾರಿಗೂ ಕಾಣದಂತೆ ಒಮ್ಮೆ ಊದಿಯೂ ನೋಡಿದೆ.

ಅಷ್ಟರಲ್ಲಿ ಬೆಳಕು ಸಂಜೆಯಂತೆ ಮಂಕಾಯಿತು. ಬೀದಿಯ ತುಂಬ ಜನರ ಗುಜುಗುಜು. ಹೊರಗೆ ಬರಬಾರದು ಎಂದವರೆಲ್ಲ ಸುಮತಿ ಹಂಚಿದ ನನ್ನದೇ ಕನ್ನಡಕ ಹಾಕಿಕೊಂಡು ಹೊರಗೆ ನಿಂತಿದ್ದರು. ಅತ್ತೆಯೂ ಒಂದು ಹಾಕಿಕೊಂಡಿದ್ದರು. ಗ್ರಹಣ ಯಾವಾಗ ಬಿಡುತ್ತದೆ ಎಂದು ತಿಳಿಯಬೇಡವೇ? ಅದಕ್ಕಂತೆ.

"ಏನುಂಗ, ಮೇಲೆ ನೋಡಿ. ಬಳೆ ಆಗಿದೆ" ಎಂದಳು ಸುಮತಿ.

"ಒಂದ್ನಿಮಿಷ ಇರು. ಅಲ್ಲಾಡ್ತಾ ಇದೆ."

"ಏನು ಅಲ್ಲಾಡ್ತಾ ಇದೆ?"

"ಒನಕೆ."

"ಅಯ್ಯೋ, ಅದು ದಿನಾ ಇರ್ತದೆ. ಇದು ಮೂರೇ ನಿಮಿಷ."

"ಈಗ ಬಿದ್ರೆ ಅವ್ವನ ಕರೀಬಹುದು. ಸುಮ್ನಿರು."

ಅಲ್ಲಾಡುತ್ತಿದ್ದದ್ದು ಒನಕೆಯಲ್ಲ, ನನ್ನ ಕಣ್ಣು. ಬೀದಿಯಿಂದ ಉದ್ದಕ್ಕೆ 'ಓ' ಎಂದು ಒಂದು ಸದ್ದೆದ್ದು, ಮೆಲ್ಲಗೆ ಇಳಿಯಿತು. ನಾನು ತಲೆ ಎತ್ತಿದಾಗ ಸುಮತಿ ಕನ್ನಡಕ ಮಡಚುತ್ತಿದ್ದಳು. ಬಳೆ ಒಡೆದಿತ್ತು. ಇಡೀ ಬೀದಿಯಲ್ಲಿ ಸೂರ್ಯನನ್ನು ಬಿಟ್ಟು ಒನಕೆಯನ್ನು ನೋಡಿಕೊಂಡು ಗ್ರಹಣ ಕಳೆದವನು ಒಬ್ಬನೇ. ಬಿ.ಎಸ್ಸಿ., ಭೌತಶಾಸ್ತ್ರ.

ಹನ್ನೊಂದೂಕಾಲರ ಹೊತ್ತಿಗೆ ಸೂರ್ಯ ಪೂರ್ತಿ ದುಂಡಗಾದರೂ ಒನಕೆ ನಿಂತೇ ಇತ್ತು. ಎರಡು ಗಂಟೆ ಅಲ್ಲೇ ಬೇರೂರಿದ್ದ ನಾನು ಹಾರಿ ಎದ್ದೆ. "ನೋಡಿ ಅತ್ತೆ, ಗ್ರಹಣ ಬಿಟ್ಟಿದೆ. ಒನಕೆ ಇನ್ನೂ ನಿಂತಿದೆ. ಈಗೇನಂತೀರಾ?"

ಅತ್ತೆ ಒಂದು ಕ್ಷಣವೂ ತಡವರಿಸಲಿಲ್ಲ. "ನಮ್ಮೂರಲ್ಲಿ ಬಿಟ್ಟಿದೆ. ಬೇರೆ ದೇಶದಲ್ಲಿ ಇನ್ನೂ ಹಿಡಿದಿರ್ತದೆ."

ಆ ಎರಡು ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಆಡಿದ, ವಿಜ್ಞಾನ ಒಪ್ಪುವ ಮಾತು ಅದೊಂದೇ.

ತಪ್ಪೊಪ್ಪಿಕೊಳ್ಳಲು ಮಗ್ಗದ ಮನೆಗೆ ಹೋದೆ. ಅವ್ವ ಮಗ್ಗದ ಪಕ್ಕ ಕೂತಿದ್ದಳು. ಅರ್ಧ ನೇಯ್ದ ಹಾಲುಬಣ್ಣದ ಸೀರೆಯ ಮೇಲೆ, ಹಂಚು ಸರಿದ ಸಂದುಗಳಿಂದ ಬಿಸಿಲಿನ ದುಂಡು ಬೊಟ್ಟುಗಳು ಬಿದ್ದಿದ್ದವು.

"ಅವ್ವ, ನಿಂಗೆ ತೋರಿಸ್ಲಿಕ್ಕೆ ಆಗ್ಲಿಲ್ಲ."

"ಏನು ತೋರ್ಸೋದು? ನೋಡ್ದೆನಲ್ಲ."

"ಎಲ್ಲಿ?"

"ಇಲ್ಲೇ." ಅವಳು ಸೀರೆಯ ಮೇಲೆ ಕೈಯಾಡಿಸಿದಳು. "ಈ ಬೊಟ್ಟೆಲ್ಲ ಮೊದ್ಲು ಕಚ್ಚಿದ ದೋಸೆ ತರ ಆಯ್ತು. ಅದು ಪ್ರತಿ ಗ್ರಾಣಕ್ಕೂ ಬೀಳೋದೇ, ಚಿಕ್ಕವಳಿದ್ದಾಗಿಂದ ನೋಡ್ತಿದೀನಿ. ಇವತ್ತು ಬಳೆಬಳೆಯಾಗಿ ಬಿತ್ತು ಸಾಮಿ. ಕೂಸಿನ ಕೈಗೆ ಹಾಕ್ತಾರಲ್ಲ, ಅಷ್ಟಗಲ. ಸೀರೆ ತುಂಬ. ಅಂಥಾ ಬುಟ್ಟಾ ಯಾವ ನೇಕಾರನೂ ಹಾಕಿಲ್ಲ."

ನಾನು ಹಂಚನ್ನು ನೋಡಿದೆ. ಸಣ್ಣ ಸಂದು, ಎದುರಿಗೆ ಬಿಳಿ ಪರದೆ, ಅದರ ಮೇಲೆ ಸೂರ್ಯನ ಬಿಂಬ. ಒನಕೆ ಜಜ್ಜಿಹಾಕಿದ ನನ್ನ ರಟ್ಟಿನ ಡಬ್ಬಿಯ ಸಿದ್ಧಾಂತವೇ ಇಡೀ ಸೂರಿನಲ್ಲಿತ್ತು. ಎರಡು ಸಲ ಬರೆದ ಪೇಪರಿನ ಮೊದಲನೆಯ ಪಾಠ.

"ಅವ್ವ, ಅದು ಯಾಕೆ ಹಂಗೆ ಬೀಳ್ತದೆ ಅಂದ್ರೆ..."

"ಅದಕ್ಕೇನಾ ನಿನ್ನೆ ಹಂಚು ಸರಿ ಮಾಡ್ದೆ ಬಿಟ್ಟಿದ್ದು?" ಅವ್ವನ ಮುಖ ಅರಳಿತ್ತು. "ನಾ ಒಳಗೇ ಕೂರ್ತೀನಿ, ಇಲ್ಲೇ ನೋಡ್ಲಿ ಅಂತಾನಾ?"

ನನ್ನ ಹಿಂದೆ ಸುಮತಿ ಬಂದು ನಿಂತದ್ದು ಬೆನ್ನಿಗೆ ಗೊತ್ತಾಯಿತು.

"ಆಮಾ ಅವ್ವ, ಅದಕ್ಕೇ" ಎಂದೆ.

ಸುಮತಿ ಕೆಮ್ಮಿದಳು.

ಹತ್ತು ನಿಮಿಷದಲ್ಲಿ ಸುದ್ದಿ ಬೀದಿಯೆಲ್ಲ ಹರಡಿತು. "ಅವ್ವನಿಗೆ ಕಾಣ್ಲಿ ಅಂತ ಹಂಚು ಸರಿ ಮಾಡ್ದೆ ಬಿಟ್ಟಿದಾನೆ. ಓದಿದವ್ರ ಬುದ್ಧಿನೇ ಬೇರೆ." ನನ್ನ ಪದವಿಯಿಂದ ಅವ್ವನಿಗೆ ಆದ ಮೊದಲ ಉಪಕಾರ ಇದು: ಹೇಳಿದ ಕೆಲಸ ಮಾಡದೆ ಕೂತದ್ದು.

"ಸೆರಿ, ಗ್ರಾಣ ಆಯ್ತಲ್ಲ. ಈಗ ಹತ್ತಿ ಸರಿ ಮಾಡು" ಎಂದಳು ಅವ್ವ.

ಏಣಿ ಹೊತ್ತು ಅಂಗಳ ದಾಟುತ್ತಿದ್ದೆ. ಏಣಿಯ ಹಿಂಬದಿ ಯಾವುದಕ್ಕೋ ತಗುಲಿತು. ಹಿತ್ತಾಳೆ ತಟ್ಟೆ ಢಣ್ ಎಂದಿತು. ಅರಿಶಿನದ ನೀರು ಪ್ಯಾಂಟಿನ ಮೇಲೆಲ್ಲ ಚಿಮ್ಮಿತು.

ಜಗಲಿಯಲ್ಲಿ ಕೂತಿದ್ದ ದೊಡ್ಡತ್ತೆ ಬಿದ್ದ ಒನಕೆಯನ್ನು ನೋಡಿದರು. ಗೋಡೆ ಗಡಿಯಾರ ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವಂತೆ, "ಈಗ ಬಿಡ್ತು. ಎಲ್ರೂ ಸ್ನಾನ ಮಾಡಿ ಊಟ ಮಾಡ್ಬಹುದು" ಎಂದರು.

ನಾನು ಏಣಿ ಇಳಿಸಿ ಸ್ನಾನಕ್ಕೆ ಹೋದೆ.