ಐತವಾರ ಕಾಕಾ ಎಲ್ಲಿಗೂ ಬರುವುದಿಲ್ಲ

ಭಾಗ್ಯನಗರದ ನಮ್ಮ ಕಾಕಾನ ಮನೆಗೆ ಹೋಗುವುದಾದರೆ ನಿಮ್ಮ ಸಾಬೂನು ನೀವೇ ಒಯ್ಯಿರಿ. ಅವರದನ್ನು ಕೇಳಿದಿರೋ, ನೆಂಟಸ್ತಿಕೆ ಅಲ್ಲಿಗೆ ಮುಗಿಯಿತು!

ಕಾಕಾ ಅಂದರೆ ನಮ್ಮ ಚಿಗವ್ವನ ಗಂಡ. ಆರನೇ ವಯಸ್ಸಿಗೆ ಕುಷ್ಟಗಿ ಕಡೆಯ ಹಳ್ಳಿಯಿಂದ ಒಂದು ಟ್ರಂಕು ಹೊತ್ತು ಹಾಸ್ಟೆಲ್ ಸೇರಿದವರು ಹತ್ತು ವರ್ಷ ಅಲ್ಲೇ ಬೆಳೆದರು. ಈಗ ಸ್ವಂತ ಮನೆ, ಬಟ್ಟೆ ಅಂಗಡಿ ಎಲ್ಲ ಇದೆ. ಆದರೂ ಚಂಬು, ಟವೆಲ್ಲು, ಚಪ್ಪಲಿಗಳ ಮೇಲೆ ಹಾಸ್ಟೆಲ್ಲಿನ ನಲವತ್ತೇಳನೇ ನಂಬರು ಬರೆದುಕೊಂಡಿದ್ದಾರೆ. ಹೊಸ ಸಾಬೂನು ಬಂದರೆ ಎರಡು ತುಂಡು ಮಾಡಿ ಒಂದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಾರೆ. ಅವರ ಮನೆಯ ರೊಟ್ಟಿ ಘಮಘಮಿಸಿದರೆ ಅದು ಚಿಗವ್ವನ ಕೈಗುಣವಲ್ಲ, ಗೊತ್ತಿರಲಿ!

"ಮನ್ಯಾಗ ನಾವಿಬ್ಬರ ಅದೀವಿ. ಯಾರು ಕದೀತಾರ್ರೀ?" ಎಂದು ಚಿಗವ್ವ ಕೇಳಿದರೆ ಕಾಕಾನ ಉತ್ತರ ಸಿದ್ಧ: "ಹಂಗ ಅಂದವರ ಸಾಬಾನನ ಮೊದಲ ಹೋಗೋದು."

ಗಂಗಾವತಿಯಲ್ಲಿ ನನ್ನ ತಂಗಿಯ ಮದುವೆ. ಊಟ ಮುಗಿಸಿದ ಕಾಕಾ ಸ್ಟೀಲ್ ತಟ್ಟೆ ಹಿಡಿದು ನೇರ ನಳದ ಕಡೆ ನಡೆದರು, ತೊಳೆಯತೊಡಗಿದರು. ಬೀಗರು ನೋಡಿದರು. ಹೆಣ್ಣಿನ ಕಡೆಯವರ ಪದ್ಧತಿ ಇರಬೇಕೆಂದು ಅವರೂ ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಸಾಲು ನಿಂತರು! ಪೇಟ ಸುತ್ತಿದ್ದ ಹಿರಿಯರೊಬ್ಬರು "ತಿಕ್ಕಾಕ ಬೂದಿ ಎಲ್ಲೈತ್ರಿ?" ಎಂದಾಗ ನಮ್ಮಪ್ಪ ಕಂಬದ ಮರೆಗೆ ಸರಿದರು.

ಇದನ್ನೆಲ್ಲ ನಕ್ಕು ಮರೆಯಬಹುದು. ಐತವಾರದ ಹಟವನ್ನು ಮಾತ್ರ ಹೇಗೆ ಸಹಿಸುವುದು? ಅಂಜನಾದ್ರಿಗೆ ಕರೆದರೂ, ಹೇಮಗುಡ್ಡಕ್ಕೆ ಕರೆದರೂ "ಐತವಾರ ಆಗಂಗಿಲ್ಲಪಾ." ನನ್ನ ಮನೆಯ ಗೃಹಪ್ರವೇಶಕ್ಕೂ ಬರಲಿಲ್ಲ! ಸಿಟ್ಟು ನೆತ್ತಿಗೇರಿತು. ಮುಂದಿನ ಐತವಾರ ಜಗಳ ತೆಗೆಯಲೆಂದೇ ಹೋದೆ.

ಕಾಕಾ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ರಸ್ತೆಯ ಮೇಲೆ.

"ಯಾರ ಬರೋರದಾರ್ರಿ ಕಾಕಾ?"

"ಯಾರೂ ಇಲ್ಲ. ನೀ ಒಳಗ ನಡಿ."

ಒಳಗೆ ಚಿಗವ್ವ ರೊಟ್ಟಿ ಗಂಟು ಕಟ್ಟುತ್ತಿದ್ದಳು. ನನ್ನ ಮುಖ ನೋಡಿಯೇ ಮೆಲ್ಲಗೆ ಹೇಳಿದಳು: "ಹಾಸ್ಟೆಲ್‌ದಾಗ ಐತವಾರ ಅಂದ್ರ ಮನಿಯವರು ನೋಡಾಕ ಬರೋ ದಿನ. ಇವರವ್ವ ಕೂಲಿ ಬಿಟ್ಟು ಎಲ್ಲಿ ಬರಬೇಕು? ಹತ್ತು ವರ್ಷದಾಗ ಎರಡ ಸಲ ಬಂದಿದ್ಲಂತ. ಇವರು ಮಾತ್ರ ಪ್ರತಿ ಐತವಾರ ತಲಿ ಬಾಚ್ಕೊಂಡು, ಸಂಜಿ ಗಂಟಿ ಹೊಡಿಯೋತನಕ ಗೇಟಿನ ಹತ್ರನ ಕುಂದರ್ತಿದ್ರಂತ."

ಇಷ್ಟು ಹೇಳಿ, ಸೆರಗು ಸರಿಮಾಡಿಕೊಂಡು ಗಂಟು ಹಿಡಿದು ಹಿತ್ತಲ ಬಾಗಿಲಿನಿಂದ ಹೊರಟಳು. ಪಕ್ಕದ ಮನೆಗೇನೋ ಅಂದುಕೊಂಡೆ. ಅವಳು ಓಣಿ ಸುತ್ತಿ ತನ್ನದೇ ಮನೆಯ ಮುಂದಿನ ಗೇಟಿಗೆ ಬಂದು ನಿಂತಳು!

"ನಲವತ್ತೇಳು ನಂಬರಿನವರು ಅದಾರೇನ್ರಿ? ನೋಡಾಕ ಬಂದೀನಿ."

ಕಾಕಾ ಥಟ್ಟನೆ ಎದ್ದು ನಿಂತರು. ಮುಖವೆಲ್ಲ ಅರಳಿತ್ತು. "ಇಷ್ಟ್ಯಾಕ ತಡಾ ಮಾಡಿದಿ?"

ಜಗಳ ಎಲ್ಲಿ ಹೋಯಿತೋ! ನಾನೂ ಹಿತ್ತಲಿನಿಂದ ಹೊರಬಿದ್ದು ಓಣಿ ಸುತ್ತಿ ಬಂದೆ.

"ಕಾಕಾ, ನಾನೂ ನಿಮ್ಮನ್ನ ನೋಡಾಕ ಬಂದೀನ್ರಿ."

ಕಾಕಾ ಸರಿದು ಜಾಗ ಮಾಡಿಕೊಟ್ಟರು. ಯಾರಿಗೂ ಸಾಬೂನಿನ ಚೂರೂ ಕೊಡದ ಮನುಷ್ಯ ರೊಟ್ಟಿ ಮುರಿದು ದೊಡ್ಡ ತುಂಡನ್ನು ನನ್ನ ಕೈಗಿಟ್ಟರು.

"ಸಾವಕಾಶ ತಿನ್ನಪಾ. ಗಂಟಿ ಹೊಡ್ಯಾಕ ಇನ್ನೂ ಟೈಮ್ ಐತಿ."