ಮಾವನ ಹಾಲಿವುಡ್ ತಾಳಮದ್ದಳೆ

ನಮ್ಮ ಮಾವನಿಗೆ ಇಂಗ್ಲಿಷಿನಲ್ಲಿ ಬರುವುದು ಒಟ್ಟು ಹನ್ನೊಂದು ಶಬ್ದ. ಅದರಲ್ಲಿ ಏಳು ಟೈಲರಿಂಗಿನವು. ಉಳಿದ ನಾಲ್ಕನ್ನು ನಂಬಿಕೊಂಡು ಅವರು ಹಾಲಿವುಡ್ಡಿನ ಒಂದು ಇಡೀ ಸಿನಿಮಾಕ್ಕೆ ಕನ್ನಡದಲ್ಲಿ ಅರ್ಥ ಹೇಳುತ್ತಾರೆ! ಆ ಸಿನಿಮಾ ತೆಗೆದವರಿಗೂ ಅದು ತಮಗಾದಷ್ಟು ಅರ್ಥವಾಗಿಲ್ಲ ಎಂಬುದು ಅವರ ಅಭಿಪ್ರಾಯ. ತೆಗೆದವರು ಯಾರೂ ಈಗ ಬದುಕಿಲ್ಲವಾದ್ದರಿಂದ ಇದನ್ನು ಅಲ್ಲಗಳೆಯುವವರೂ ಇಲ್ಲ.

ಮಾವ ಎಂದರೆ ನನ್ನ ಗಂಡನ ತಂದೆ. ಕಾಪು ಪೇಟೆಯಲ್ಲಿ ನಲವತ್ತು ವರ್ಷ ಟೈಲರ್ ಅಂಗಡಿ ಇಟ್ಟವರು, ಈಗ ಇನ್ನಂಜೆಯ ಮನೆಯಲ್ಲಿ ರಿಟೈರ್ಡು. ಸಿನಿಮಾದ ಹೆಸರು ಹೇಳಲಾರೆ. ಹೇಳಿದರೆ ನೀವು ಹುಡುಕಿ ನೋಡುತ್ತೀರಿ, ಆಮೇಲೆ ನಿಮ್ಮ ಮನೆಯಲ್ಲೂ ಶುರುವಾದರೆ ನಾನು ಹೊಣೆಯಲ್ಲ. ಕಪ್ಪುಬಿಳುಪು ಕಾಲದ್ದು. ಹಿಮದಲ್ಲಿ ಒಂದು ರೈಲು ಸಿಕ್ಕಿಬೀಳುತ್ತದೆ. ಒಳಗೆ ಒಬ್ಬ ಪಿಯಾನೋ ರಿಪೇರಿಯವನು, ಒಬ್ಬಳು ಸಾಹುಕಾರನ ಮಗಳು. ಅರ್ಧ ಸಿನಿಮಾ ಅವರಿಬ್ಬರ ಜಗಳ, ಉಳಿದರ್ಧ ಆ ಜಗಳ ಯಾಕೆ ಆಯಿತೆಂಬ ಜಗಳ, ಕೊನೆಗೆ ರಾಜಿ. ಇಷ್ಟೇ! ಇದರಿಂದ ನಮ್ಮ ಮನೆಯಲ್ಲಿ ಮೊದಲಿಂದಲೂ ತಲೆನೋವಿತ್ತು. ಈಗ ಆರು ತಿಂಗಳಿಂದ ಅದು ವಿಪರೀತಕ್ಕೆ ಹೋಗಿದೆ. ಸ್ಟ್ರೋಕ್ ಆಗಿ ಮಾತು ನಿಂತುಹೋದ ಅತ್ತೆಗೆ ಮತ್ತೆ ಮಾತು ಬರಿಸಬೇಕು, ಮಾವ ಆ ಟೀವಿಯನ್ನು ಆರಿಸಲು ಬಿಡುವುದಿಲ್ಲ.

ಮಾವನ ಈ ಹುಚ್ಚಿಗೆ ಮೂಲ ತಾಳಮದ್ದಳೆ. ಅಂಗಡಿಗೆ ಬೀಗ ಹಾಕಿದ ಶನಿವಾರಗಳಲ್ಲಿ ಅವರು ಅರ್ಥಧಾರಿ. ವೇಷವಿಲ್ಲ, ಬಣ್ಣವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಪಾತ್ರದ ಮಾತನ್ನು ಕುಳಿತಲ್ಲೇ ಹೊಸೆದು ಎದುರಿನವನನ್ನು ಮಾತಿನಲ್ಲೇ ಕೆಡಹುವ ಕೆಲಸ. ಅಂಥವರಿಗೆ ಭಾಷೆ ಗೊತ್ತಿಲ್ಲದ ಸಿನಿಮಾ ಸಿಕ್ಕಿದರೆ ಏನಾಗಬಹುದು? ಪರದೆಯ ಮೇಲೆ ನಾಯಕ ಒಮ್ಮೆ ಬಾಯಿ ತೆರೆಯುತ್ತಾನೆ. ಮಾವ ರಿಮೋಟ್ ಒತ್ತಿ ನಿಲ್ಲಿಸುತ್ತಾರೆ. "ಎಲೌ ಲಲನೆ!" ಎಂದು ಶುರುವಾದರೆ ಏಳು ನಿಮಿಷ! ಅಷ್ಟು ಹೊತ್ತೂ ಕೋಟು ಹಾಕಿದ ಆ ಬಡಪಾಯಿ ಬಾಯಿ ತೆರೆದುಕೊಂಡೇ ನಿಂತಿರಬೇಕು.

ನಮ್ಮ ಮದುವೆಯಾದ ಹೊಸತರಲ್ಲಿ ನನ್ನ ಅಪ್ಪ ಅಜೆಕಾರಿನಿಂದ ಮಗಳನ್ನು ನೋಡಲು ಬಂದಿದ್ದರು. ಮಾವ ಅವರನ್ನು ಟೀವಿಯ ಮುಂದೆ ಕೂರಿಸಿದರು. ಮೂರು ಗಂಟೆ ಕಳೆದರೂ ರೈಲು ಹಿಮದಿಂದ ಹೊರಟಿರಲಿಲ್ಲ. ಅಪ್ಪ ಮೆಲ್ಲಗೆ, "ನನಗೆ ಕಾರ್ಕಳದ ಬಸ್ಸು ತಪ್ತದೆ ಭಾವಾ" ಎಂದರು. ಮಾವ, "ಇವರ ರೈಲೇ ಹೊರಡಲಿಲ್ಲ, ನಿಮಗೆಂತ ಬಸ್ಸಿನ ಅರ್ಜೆಂಟು?" ಎಂದರು. ಅಪ್ಪ ಅದಾದ ಮೇಲೆ ನನ್ನನ್ನು ನೋಡಬೇಕೆನಿಸಿದಾಗಲೆಲ್ಲ ನನ್ನನ್ನೇ ಅಜೆಕಾರಿಗೆ ಕರೆಸಿಕೊಳ್ಳುತ್ತಿದ್ದರು.

ಸಿನಿಮಾ ಒಂದೇ ಆಗಿದ್ದರೆ ಸಹಿಸಬಹುದಿತ್ತು. ಹೂಡೆಯ ಗಿರಾಕಿಯೊಬ್ಬರು ದುಬೈಯಿಂದ ತಂದುಕೊಟ್ಟ ಆ ಸಿನಿಮಾದ ಡಿಸ್ಕಿನ ಜೊತೆ ಇನ್ನೊಂದು ಡಿಸ್ಕೂ ಇತ್ತು. ಅದರಲ್ಲಿ ಸಿನಿಮಾ ಹೇಗೆ ತೆಗೆದರು ಎಂಬ ಕತೆ! ಅದನ್ನು ನನ್ನ ಕೈಯಲ್ಲಿ ಸಾಲುಸಾಲಾಗಿ ಕನ್ನಡ ಮಾಡಿಸಿದರು, ಒಂದು ಸಲ ಅಲ್ಲ, ಎಂಟು ಸಲ. ಹಿಮ ಹಿಮವಲ್ಲವಂತೆ, ಹೆರೆದ ಸಾಬೂನು. ಪಿಯಾನೋ ಮೇಲೆ ಓಡಾಡುವ ಕೈಗಳು ನಾಯಕನವಲ್ಲವಂತೆ, ಬೇರೆ ಯಾರದ್ದೋ. ಕ್ಯಾಮೆರಾ ನಿಂತ ಕೂಡಲೇ ನಾಯಕ ನಾಯಕಿ ಮುಖ ತಿರುಗಿಸಿ ಬೇರೆ ಬೇರೆ ಮೂಲೆಗೆ ಹೋಗುತ್ತಿದ್ದರಂತೆ. ಡಿಸ್ಕಿನಲ್ಲಿ ಇಲ್ಲದ ಒಂದನ್ನು ಮಾವನೇ ಕಂಡುಹಿಡಿದರು. "ನೋಡು, ಗೌನಿನ ಫಿಟ್ಟಿಂಗ್ ಸರಿ ಇಲ್ಲ. ಬೆನ್ನಿನ ಹತ್ತಿರ ಪಿನ್ನು ಚುಚ್ಚಿದ್ದಾರೆ. ಅದಕ್ಕೇ ಈ ಹೆಂಗಸು ಇಡೀ ಸಿನಿಮಾದಲ್ಲಿ ಒಮ್ಮೆಯೂ ಒರಗಿ ಕೂತುಕೊಳ್ಳುವುದಿಲ್ಲ!" ನಾನು ಪರೀಕ್ಷೆ ಮಾಡಿ ನೋಡಿದೆ. ನಿಜಕ್ಕೂ ಒರಗಿ ಕೂರುವುದಿಲ್ಲ. ಅಂದಿನಿಂದ ನನಗೆ ಆ ಸಿನಿಮಾದಲ್ಲಿ ಪ್ರೇಮ ಕಾಣುವುದಿಲ್ಲ, ಪಿನ್ನು ಮಾತ್ರ ಕಾಣುತ್ತದೆ.

ಅರ್ಥಧಾರಿಗೆ ಎದುರಾಳಿ ಬೇಕಲ್ವಾ? ನಾಯಕಿಯ ಅರ್ಥ ಅತ್ತೆಯದ್ದು. ಅವರು ಟೀವಿಯ ಮುಂದೆ ಬರುತ್ತಲೂ ಇರಲಿಲ್ಲ. ಅಡುಗೆಮನೆಯಿಂದಲೇ, ಒಗ್ಗರಣೆಯ ನಡುವೆ. ಮಾವ ಏಳು ನಿಮಿಷ ತೆಗೆದುಕೊಂಡರೆ ಅತ್ತೆಗೆ ಒಂದು ವಾಕ್ಯ ಸಾಕು.

"ಎಲೌ ಸುಂದರೀ, ಈ ಹಿಮರಾಶಿಯ ನಡುವೆ ನನ್ನಂಥ ಪುರುಷಶ್ರೇಷ್ಠನು ನಿನಗೆ ದೊರಕಿದ್ದು ಜನ್ಮಾಂತರದ ಪುಣ್ಯವಲ್ಲವೇ?"

"ಪುರುಷಶ್ರೇಷ್ಠರೇ, ಗ್ಯಾಸ್ ಬುಕ್ ಮಾಡಿ ಅಂತ ಮೊನ್ನೆಯಿಂದ ಹೇಳ್ತಾ ಇದ್ದೇನೆ. ಮಾಡಿದ್ದೀರಾ?"

ನಾಯಕನ ಕತೆ ಅಲ್ಲಿಗೆ ಮುಗಿಯಿತು! ಊರೂರಿನ ಅರ್ಥಧಾರಿಗಳಿಗೆ ನೀರು ಕುಡಿಸಿದ ಮಾವ ರಿಮೋಟ್ ಕೆಳಗಿಟ್ಟು ಫೋನ್ ಹುಡುಕುತ್ತಿದ್ದರು.

ಆ ಅತ್ತೆಗೆ ದೀಪಾವಳಿಯ ಮರುವಾರ ಸ್ಟ್ರೋಕ್ ಆಯಿತು. ಕೈಕಾಲು ನಿಧಾನಕ್ಕೆ ದಾರಿಗೆ ಬಂತು, ಮಾತು ಬರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ತುಟಿ ಅಲುಗುತ್ತದೆ, ಸ್ವರ ಹೊರಡುವುದಿಲ್ಲ. ಮಣಿಪಾಲದ ಥೆರಪಿಸ್ಟ್ ಮೇಡಂ ಒಂದು ಹಾಳೆ ಕೊಟ್ಟರು: ನೀರು, ಅನ್ನ, ಬಾಗಿಲು, ಹೀಗೆ ಇಪ್ಪತ್ತು ಶಬ್ದ, ದಿನಕ್ಕೆ ಎರಡು ಹೊತ್ತು ಹೇಳಿಸಬೇಕು. ಮಾವ ಹಾಳೆ ಓದಿ, "ಅವಳೆಂತ ಬಾಲವಾಡಿಯ ಮಗುವಾ?" ಎಂದು ಮಡಚಿಟ್ಟು ಸಿನಿಮಾ ಹಾಕಿದರು. ನಾನು ಹಾಳೆ ಹಿಡಿದು "ಅತ್ತೇ, ನೀರು ಅನ್ನಿ" ಎನ್ನುವಾಗ ಈಚೆಯಿಂದ "ಎಲೌ ಲಲನೆ!" ಕೇಳಿದರೆ ತಲೆ ಕೆಡುವುದಿಲ್ಲವೇ? ನನ್ನ ಗಂಡನಿಗೆ ದೂರು ಕೊಟ್ಟೆ. "ಅಪ್ಪನಿಗೆ ಹೇಳಿ ಪ್ರಯೋಜನ ಉಂಟಾ?" ಎಂದು ಅವರು ಬೈಕ್ ಹತ್ತಿದರು.

ಸಾಲದ್ದಕ್ಕೆ ಮಾವ ತಪ್ಪು ಹೇಳತೊಡಗಿದರು. ಒಂದು ದಿನ, "ಈ ಹಿಮ ಉಂಟಲ್ಲ, ಅಸಲಿ ಹಿಮ" ಎಂದರು. "ಮಾವ, ಅದು ಸಾಬೂನು!" ಎಂದೆ. ನನ್ನತ್ತ ಕೆಂಗಣ್ಣು ಬಿಟ್ಟು, "ನಿನ್ನನ್ನು ಕೇಳಿದವರು ಯಾರು?" ಎಂದು ರೇಗಿದರು. ಮರುದಿನ ಪಿಯಾನೋ ನಾಯಕನೇ ನುಡಿಸಿದ್ದು ಎಂದರು. ಅದರ ಮರುದಿನ ಗೌನು ಬಹಳ ಒಳ್ಳೆ ಹೊಲಿಗೆಯಂತೆ! ನನಗೆ ನಿಜಕ್ಕೂ ಹೆದರಿಕೆಯಾಯಿತು. ಎಂಟು ಸಲ ಕನ್ನಡ ಮಾಡಿಸಿದ್ದೆಲ್ಲ ಎಲ್ಲಿ ಹೋಯಿತು? ಮಣಿಪಾಲಕ್ಕೆ ಹೋದಾಗ ಥೆರಪಿಸ್ಟ್ ಮೇಡಂ ಬಳಿ, "ಮಾವನಿಗೂ ಒಂದು ಸ್ಕ್ಯಾನ್ ಮಾಡಿಸಬೇಕಾ?" ಎಂದು ಗುಟ್ಟಾಗಿ ಕೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಅವರು ತಪ್ಪು ಹೇಳುವಾಗ ಅಮ್ಮ ಎಂತ ಮಾಡ್ತಾರೆ?" ಎಂದರು.

ನಾನು ನೋಡಿರಲೇ ಇಲ್ಲ. ಮಾವನಿಗೆ ಬೈಯುವುದರಲ್ಲೇ ನನ್ನ ಹೊತ್ತು ಹೋಗುತ್ತಿತ್ತು.

ಭಾನುವಾರ ನೋಡಿದೆ. ಬಾಗಿಲ ಹತ್ತಿರ ಬಟ್ಟೆ ಮಡಚುವ ನೆಪದಲ್ಲಿ ನಿಂತೆ. ಮಾವ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಥ ಹೇಳುತ್ತಾರೆ, ನಾಯಕಿಯ ಸರದಿ ಬಂದೊಡನೆ ರಿಮೋಟ್ ಒತ್ತಿ ನಿಲ್ಲಿಸುತ್ತಾರೆ, ಅತ್ತೆಯ ಮುಖ ನೋಡುತ್ತಾ ಕಾಯುತ್ತಾರೆ. ಒಂದು ನಿಮಿಷ, ಎರಡು ನಿಮಿಷ. ಏಳು ನಿಮಿಷ ಮಾತಾಡುವ ಮನುಷ್ಯ ಏಳು ನಿಮಿಷ ಬಾಯಿ ಮುಚ್ಚಿ ಕೂರುವುದನ್ನು ನಾನು ಅದೇ ಮೊದಲು ಕಂಡದ್ದು. ಅತ್ತೆಯ ತುಟಿ ನಡುಗುತ್ತಿತ್ತು, ಹುಬ್ಬು ಗಂಟಿಕ್ಕಿತ್ತು. ಅಷ್ಟು ತಪ್ಪು ಕೇಳಿಸಿಕೊಂಡು ಸುಮ್ಮನಿರುವುದು ಅವರಿಗೆ ಹಿಂಸೆಯಾಗುತ್ತಿತ್ತು. ಛೇ, ಸ್ಕ್ಯಾನ್ ಮಾಡಿಸಬೇಕಾದದ್ದು ನನಗೇ ಅನಿಸಿ ನಾಚಿಕೆಯಾಯಿತು.

ಕೊನೆಯ ದೃಶ್ಯ ಬಂತು. ರೈಲು ನಿಲ್ದಾಣ ತಲುಪಿದೆ, ಇಬ್ಬರೂ ಬೇರೆ ಬೇರೆ ದಾರಿ ಹಿಡಿಯುತ್ತಾರೆ, ಆಮೇಲೆ ತಿರುಗಿ ಓಡಿ ಬರುತ್ತಾರೆ. ಮಾವ ನಿಲ್ಲಿಸಿದರು. ಈ ಸಲ ಅರ್ಥ ಹೇಳಲಿಲ್ಲ, ನನ್ನ ಕಡೆ ತಿರುಗಿದರು.

"ನಿನಗೆ ಗೊತ್ತುಂಟಾ? ಮದುವೆಯಾದ ತಿಂಗಳಲ್ಲಿ ನಾವಿಬ್ಬರೂ ಇದನ್ನು ಉಡುಪಿಯ ಟಾಕೀಸಿನಲ್ಲಿ ನೋಡಿದ್ದು. ಮಣಿಪಾಲದ ಸ್ಟೂಡೆಂಟುಗಳಿಗೆ ಅಂತ ಬೆಳಗ್ಗಿನ ಆಟ. ಈ ಸೀನಿಗೆ ನಿನ್ನ ಅತ್ತೆ ಅತ್ತದ್ದೇ ಅತ್ತದ್ದು! ಹುಡುಗರೆಲ್ಲ ತಿರುಗಿ ನೋಡಿ, ನನಗೆ ಮರ್ಯಾದೆ ಹೋಯಿತು."

ಅತ್ತೆಯ ಕುತ್ತಿಗೆಯ ನರ ಬಿಗಿಯಿತು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಅ... ಅಲ್ಲ."

ನನ್ನ ಕೈಯ ಬಟ್ಟೆ ಜಾರಿತು. ಅತ್ತೆ ಬೆರಳೆತ್ತಿ ಮಾವನನ್ನು ತೋರಿಸಿದರು.

"ನೀ... ವು."

ಮಾವ ರಿಮೋಟ್ ಕೆಳಗಿಟ್ಟರು. ಎಂಥೆಂಥ ಅರ್ಥಧಾರಿಗಳ ಎದುರಿಗೂ ಸೋಲೊಪ್ಪದ ಮನುಷ್ಯ ಹೆಗಲ ಮೇಲಿನ ಬೈರಾಸಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು:

"ಹೌದು ಮಾರಾಯ್ತಿ. ನಾನೇ ಅತ್ತದ್ದು."